ಮೊದಲ ತಟ್ಟೆ ಮಕ್ಕಳಿಗೆ

ರಜೆ ಬಂದಿತೆಂದರೆ ನಾಲ್ಕಾರು ಕುಟುಂಬಗಳು ಕೂಡಿ, ಊರ ಹೊರಗೆ ಡೇರೆ ಹಾಕಿಕೊಂಡು ಒಂದೆರಡು ದಿನ ಕಳೆಯುವ ರೂಢಿ ಈಚೆಗೆ ನಮ್ಮ ಪಟ್ಟಣಗಳಲ್ಲಿ ಬೆಳೆಯುತ್ತಿದೆ. ಇದು ಸ್ವಾಗತಾರ್ಹವೇ. ಹೊಳೆಯನ್ನೂ ನಕ್ಷತ್ರಗಳನ್ನೂ ಮೊಬೈಲಿನ ಪರದೆಯಲ್ಲಿ ಮಾತ್ರ ಕಂಡ ಮಕ್ಕಳಿಗೆ ಅವುಗಳ ನೇರ ಪರಿಚಯವಾಗುತ್ತದೆ. ಆದರೆ ಇಂತಹ ಪ್ರವಾಸದ ಸಿದ್ಧತೆಯಲ್ಲಿ ಡೇರೆ, ಹಾಸಿಗೆ, ಟಾರ್ಚುಗಳಿಗೆ ದೊರೆಯುವಷ್ಟು ಗಮನ ಪುಟ್ಟ ಮಕ್ಕಳ ಊಟದ ಹೊತ್ತಿಗೆ ದೊರೆಯುವುದಿಲ್ಲ. ಏನು ಅಡುಗೆ ಮಾಡಬೇಕೆಂಬುದನ್ನು ಎಲ್ಲರೂ ಚರ್ಚಿಸುತ್ತೇವೆ. ಮಕ್ಕಳಿಗೆ ಎಷ್ಟು ಹೊತ್ತಿಗೆ, ಯಾರು ಉಣಿಸಬೇಕು ಎಂಬುದನ್ನು ಯಾರೂ ಚರ್ಚಿಸುವುದಿಲ್ಲ. ಈ ಅಲಕ್ಷ್ಯದ ಫಲವನ್ನು ನಾವೂ ಉಂಡಿದ್ದೇವೆ. ಅದನ್ನು ಓದುಗರೊಡನೆ ಹಂಚಿಕೊಳ್ಳುವುದು ನಮ್ಮ ಕರ್ತವ್ಯವೆಂದು ಭಾವಿಸಿದ್ದೇವೆ.

ಎರಡು ವರ್ಷಗಳ ಹಿಂದೆ ಡಿಸೆಂಬರಿನಲ್ಲಿ ಆದಿ ಉಡುಪಿಯ ನಮ್ಮ ಬೀದಿಯ ಆರು ಕುಟುಂಬಗಳು ಹೆಬ್ರಿಯ ಸಮೀಪ ಪರಿಚಿತರೊಬ್ಬರ ಅಡಿಕೆ ತೋಟದಲ್ಲಿ ಎರಡು ರಾತ್ರಿ ತಂಗಿದ್ದೆವು. ಹಿರಿಯರು ಹನ್ನೆರಡು ಮಂದಿ, ಮಕ್ಕಳು ಒಂಬತ್ತು. ಅವರಲ್ಲಿ ನಾಲ್ವರು ಐದು ವರ್ಷದೊಳಗಿನವರು. ಊರಿನ ವಾರದ ಸಂತೆಯಿಂದ ಚೀಲಗಟ್ಟಲೆ ತರಕಾರಿ ಒಯ್ದಿದ್ದೆವು. ಬೆಳಿಗ್ಗೆ ಏಳೂವರೆಗೆ ಇಡ್ಲಿಯಾಯಿತು. ಮಧ್ಯಾಹ್ನ ಒಂದಕ್ಕೆ ಊಟ ಎಂದುಕೊಂಡಿದ್ದೆವು. ಎರಡು ಬಗೆಯ ಪಲ್ಯ, ಪಲಾವು, ಸಾಂಬಾರು, ಪಾಯಸ ಎಂದು ಪಟ್ಟಿ ಬೆಳೆಯುತ್ತ ಹೋಯಿತು. ಇದ್ದದ್ದು ಎರಡು ಒಲೆ, ಸೌದೆ ಹಸಿಯಾಗಿತ್ತು. ಎಲೆ ಹಾಕುವ ಹೊತ್ತಿಗೆ ಗಂಟೆ ಮೂರು ಸಮೀಪಿಸಿತ್ತು. ಅಷ್ಟರಲ್ಲಿ ಅಳುವ ಮಕ್ಕಳ ಕೈಗೆ ಚಿಪ್ಸಿನ ಪೊಟ್ಟಣ, ಬಿಸ್ಕತ್ತು, ಶರಬತ್ತು ಕೊಟ್ಟು ಸಮಾಧಾನಪಡಿಸಿದ್ದೆವು.

ನಾಲ್ಕು ವರ್ಷದ ಮಗುವೊಂದು ಊಟಕ್ಕೆ ಕುಳಿತಾಗ ಅನ್ನ ಮುಟ್ಟಲಿಲ್ಲ. ಹಟವೆಂದು ಗದರಿದೆವು. ಅದು ಅಳುತ್ತಲೇ ನಿದ್ರೆ ಹೋಯಿತು. ರಾತ್ರಿ ಬೆಂಕಿಯ ಸುತ್ತ ಹಾಡು, ಆಟಗಳು ನಡೆದು, ಊಟವಾದದ್ದು ಹತ್ತು ಗಂಟೆಗೆ. ಎದ್ದ ಮಗು ಎರಡು ತುತ್ತು ತಿಂದು ಮತ್ತೆ ಮಲಗಿತು. ನಡುರಾತ್ರಿ ಮೇಲಿಂದ ಮೇಲೆ ವಾಂತಿಯಾಗಿ ಸೋತುಹೋದಾಗ ಕಾರಿನಲ್ಲಿ ಆಸ್ಪತ್ರೆಗೆ ಧಾವಿಸಿದೆವು. ವೈದ್ಯರು ಕೇಳಿದ ಮೊದಲ ಪ್ರಶ್ನೆ, “ಮಗು ಕೊನೆಯದಾಗಿ ಸರಿಯಾಗಿ ಉಂಡದ್ದು ಯಾವಾಗ? ಮೂತ್ರ ಮಾಡಿದ್ದು ಯಾವಾಗ?” ಎಂಬುದು. ನಮ್ಮಲ್ಲಿ ಯಾರಿಗೂ ಉತ್ತರ ತಿಳಿದಿರಲಿಲ್ಲ. ತಾಯಿ ಅಡುಗೆಯಲ್ಲಿದ್ದರು, ತಂದೆ ಸೌದೆ ತರಲು ಹೋಗಿದ್ದರು, ಉಳಿದ ನಾವೆಲ್ಲರೂ ಇನ್ನಾರೋ ಉಣಿಸಿರುತ್ತಾರೆಂದು ನಂಬಿದ್ದೆವು. ಹಸಿವು ಹಾಗೂ ನೀರಿನ ಕೊರತೆಯಿಂದ ಮಗು ಬಳಲಿದೆಯೆಂದು ವೈದ್ಯರು ತಿಳಿಸಿದರು. ಬೆಳಗಾಗುವಷ್ಟರಲ್ಲಿ ಅದು ಚೇತರಿಸಿಕೊಂಡಿತು. ನಮ್ಮ ನಾಚಿಕೆ ಮಾತ್ರ ಉಳಿಯಿತು.

ಮನೆಯಲ್ಲಿ ಮಗುವಿನ ಊಟದ ಲೆಕ್ಕ ಒಬ್ಬರ ಮನಸ್ಸಿನಲ್ಲಿರುತ್ತದೆ. ಗುಂಪಿನಲ್ಲಿ ಆ ಲೆಕ್ಕ ಹನ್ನೆರಡು ಮಂದಿಗೆ ಹಂಚಿಹೋಗಿ, ಕೊನೆಗೆ ಯಾರಲ್ಲಿಯೂ ಉಳಿಯುವುದಿಲ್ಲ. ಸಾಮೂಹಿಕ ಪ್ರವಾಸದಲ್ಲಿ ಪುಟ್ಟ ಮಕ್ಕಳಿಗೆ ಒದಗುವ ಮುಖ್ಯ ಅಪಾಯ ಇದೇ ಎಂಬುದು ನಮ್ಮ ಅಭಿಪ್ರಾಯ.

“ಒಂದೆರಡು ದಿನ ಹೊತ್ತು ತಪ್ಪಿದರೇನು? ಹಸಿದರೆ ಮಕ್ಕಳು ತಾವೇ ಕೇಳುತ್ತಾರೆ” ಎನ್ನುವವರಿದ್ದಾರೆ. ನಾವೂ ಹಾಗೆಯೇ ಹೇಳುತ್ತಿದ್ದೆವು. ಆದರೆ ಪುಟ್ಟ ಮಕ್ಕಳ ದೇಹ ನಮ್ಮ ದೇಹದಂತಲ್ಲ. ಅವರ ಜಠರ ಚಿಕ್ಕದು. ಯಕೃತ್ತಿನಲ್ಲಿ ಕೂಡಿಟ್ಟ ಶಕ್ತಿಯೂ ಅಲ್ಪ. ಆದುದರಿಂದ ದಿನಕ್ಕೆ ಮೂರು ಊಟಗಳಲ್ಲದೆ ನಡುವೆ ಎರಡು ಬಾರಿ ಲಘು ಆಹಾರ ಅವರಿಗೆ ಅಗತ್ಯ. ಬಯಲಿನಲ್ಲಿ ಓಡಾಡುವ ದಿನ ಈ ಅಗತ್ಯ ಇನ್ನೂ ಹೆಚ್ಚು. ಆಟದಲ್ಲಿ ಮುಳುಗಿದ ಮಗುವಿಗೆ ತನ್ನ ಹಸಿವು, ಬಾಯಾರಿಕೆಗಳು ತಿಳಿಯುವುದೇ ಇಲ್ಲ. ಅವು ಸಿಟ್ಟಾಗಿ, ಅಳುವಾಗಿ, ಹಟವಾಗಿ ಹೊರಬೀಳುತ್ತವೆ. ನಾವು ಗದರಿದ್ದು ಹಟವನ್ನಲ್ಲ, ಹಸಿವನ್ನು. ಇನ್ನು ಚಿಪ್ಸು, ಶರಬತ್ತುಗಳು ಊಟದ ಅಪೇಕ್ಷೆಯನ್ನು ಕೊಲ್ಲುತ್ತವೆಯೇ ಹೊರತು ಊಟದ ಸ್ಥಾನ ತುಂಬಲಾರವು.

ಬಯಲಿನಲ್ಲಿ ಉಣ್ಣುವುದು ನಮ್ಮ ಜನಕ್ಕೆ ಹೊಸದಲ್ಲ. ಕಲಬುರಗಿ, ಬೀದರ ಕಡೆ ಎಳ್ಳಮಾವಾಸ್ಯೆಯಂದು ಮನೆಮಂದಿಯೆಲ್ಲ ಹೊಲಕ್ಕೆ ಹೋಗುತ್ತಾರೆ. ಸಜ್ಜೆಯ ರೊಟ್ಟಿ, ಕಡುಬು, ಭಜ್ಜಿ ಎಲ್ಲವೂ ಮನೆಯಲ್ಲಿಯೇ ಸಿದ್ಧವಾಗಿ ಬುಟ್ಟಿಯಲ್ಲಿ ಬರುತ್ತವೆ. ಚರಗ ಚೆಲ್ಲಿದೊಡನೆ ಎಲ್ಲರೂ ಉಣ್ಣಲು ಕೂರುತ್ತಾರೆ. ಒಲೆಗಾಗಿ ಮಕ್ಕಳು ಕಾಯುವ ಪ್ರಸಂಗವಿಲ್ಲ. ಬುತ್ತಿಯ ಈ ವಿವೇಕವನ್ನು ಬಿಟ್ಟು, ಮದುವೆಮನೆಯ ಅಡುಗೆಯನ್ನು ತೋಟಕ್ಕೆ ಹೊತ್ತೊಯ್ದದ್ದು ನಮ್ಮ ತಪ್ಪು.

ಕಳೆದ ಡಿಸೆಂಬರಿನಲ್ಲಿ ಅದೇ ಕುಟುಂಬಗಳು ಮತ್ತೆ ಅದೇ ತೋಟಕ್ಕೆ ಹೋದೆವು. ಈ ಬಾರಿ ಮೊದಲು ಊಟದ ಹೊತ್ತುಗಳನ್ನು ಬರೆದುಕೊಂಡು, ಉಳಿದ ಕಾರ್ಯಕ್ರಮಗಳನ್ನು ಅವುಗಳ ನಡುವೆ ಹೊಂದಿಸಿದೆವು. ಬೆಳಿಗ್ಗೆ ಏಳೂವರೆಗೆ ತಿಂಡಿ, ಹತ್ತಕ್ಕೆ ಬಾಳೆಹಣ್ಣು ಮತ್ತು ಮಜ್ಜಿಗೆ, ಹನ್ನೆರಡೂವರೆಗೆ ಊಟ, ನಾಲ್ಕಕ್ಕೆ ಅವಲಕ್ಕಿ, ಸಂಜೆ ಏಳಕ್ಕೆ ಊಟ. ಕುಚ್ಚಲಕ್ಕಿ ಗಂಜಿ, ಹೆಸರುಬೇಳೆಯ ತೊವ್ವೆ, ಒಂದು ಪಲ್ಯ, ಇಷ್ಟೇ ಅಡುಗೆ. ಪ್ರತಿ ಹೊತ್ತಿಗೂ ಇಬ್ಬರು ಹಿರಿಯರು ಮಕ್ಕಳ ಹೊಣೆ ಹೊತ್ತರು. ಅವರು ಅಡುಗೆ ಮಾಡುವಂತಿಲ್ಲ, ಫೋನು ಹಿಡಿಯುವಂತಿಲ್ಲ. ಪ್ರತಿ ಮಗು ಎಷ್ಟು ಉಂಡಿತು, ನೀರು ಕುಡಿಯಿತೇ ಎಂಬುದನ್ನು ನೋಡಿ, ಮುಂದಿನ ಸರದಿಯವರಿಗೆ ತಿಳಿಸಬೇಕು. ಈ ಸರದಿಯಲ್ಲಿ ಗಂಡಸರಿಗೆ ವಿನಾಯಿತಿ ಇರಲಿಲ್ಲ. ಪ್ರವಾಸವೆಂದರೆ ತಾಯಂದಿರಿಗೆ ಮನೆಯ ಅಡುಗೆಮನೆಯನ್ನು ಬಿಟ್ಟು ಹೊಗೆಯ ಅಡುಗೆಮನೆಗೆ ಹೋಗುವುದು ಎಂದಾಗಬಾರದಷ್ಟೆ.

ಆಹಾರದ ಶುದ್ಧಿಯ ವಿಷಯದಲ್ಲಿಯೂ ಕೆಲವು ಎಚ್ಚರಿಕೆಗಳು ಅವಶ್ಯ. ಬೇಯಿಸಿದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಕಾಲ ಹೊರಗಿಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸುತ್ತದೆ. ಕರಾವಳಿಯ ಸೆಕೆಯಲ್ಲಿ ಅಷ್ಟು ಕಾಲವೂ ಹೆಚ್ಚೇ. ಮಧ್ಯಾಹ್ನ ಉಳಿದ ಅನ್ನವನ್ನು ರಾತ್ರಿ ಬಿಸಿಮಾಡಿ ಮಕ್ಕಳಿಗೆ ಬಡಿಸುವುದು ಸಲ್ಲದು. ಅನ್ನದಲ್ಲಿ ಬೆಳೆಯುವ ಒಂದು ಬಗೆಯ ಬ್ಯಾಕ್ಟೀರಿಯಾದ ವಿಷ ಮರಳಿ ಕಾಯಿಸಿದರೂ ನಾಶವಾಗುವುದಿಲ್ಲ. ಹೊಳೆಯ ನೀರು ಎಷ್ಟೇ ತಿಳಿಯಾಗಿ ಕಂಡರೂ ಚೆನ್ನಾಗಿ ಕುದಿಸಿ ಆರಿಸದೆ ಕೊಡಬಾರದು. ಉಣ್ಣುವ ಮೊದಲು ಸಾಬೂನಿನಿಂದ ಕೈ ತೊಳೆಸಲು ಕೊಡ, ಚೊಂಬುಗಳನ್ನು ಊಟದ ಜಾಗದ ಪಕ್ಕದಲ್ಲಿಯೇ ಇಟ್ಟರೆ ಮಕ್ಕಳು ಮರೆಯುವುದಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಶೇಂಗಾ ಕಾಳು ಕೊಡಬೇಡಿ. ಓಡುತ್ತ ತಿನ್ನಲಂತೂ ಬಿಡಲೇಬೇಡಿ, ಗಂಟಲಿಗೆ ಸಿಲುಕುವ ಭಯವಿದೆ. ನೆಲದ ಮೇಲಿಟ್ಟ ಬಿಸಿ ಸಾರಿನ ಪಾತ್ರೆಯ ಸುತ್ತ ಗೆರೆ ಎಳೆದು, ಅದರೊಳಗೆ ಮಕ್ಕಳು ಬಾರದಂತೆ ನೋಡಿಕೊಳ್ಳಬೇಕು. ಓಆರ್‌ಎಸ್ ಪೊಟ್ಟಣಗಳು ಜೊತೆಗಿರಲಿ; ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಇಡೀ ಪೊಟ್ಟಣವನ್ನು ಬೆರೆಸಿ, ಗುಟುಕು ಗುಟುಕಾಗಿ ಕುಡಿಸಬೇಕು. ಮಗು ಕುಡಿದದ್ದೆಲ್ಲವನ್ನೂ ವಾಂತಿ ಮಾಡುತ್ತಿದ್ದರೆ ಅಥವಾ ಮಂಕಾಗಿದ್ದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಇದೆಲ್ಲ ಶಿಸ್ತು ಪ್ರವಾಸದ ಸಂತೋಷವನ್ನು ಕಸಿಯುವುದೇ ಎಂದು ಕೇಳಬಹುದು. ನಮ್ಮ ಅನುಭವ ಬೇರೆ. ಹೊತ್ತಿಗೆ ಉಂಡ ಮಕ್ಕಳು ಜಗಳವಾಡದೆ ಆಡಿದರು, ಎಂಟೂವರೆಗೆ ಮಲಗಿದರು. ಆಮೇಲೆ ಹಿರಿಯರಾದ ನಾವು ನೆಮ್ಮದಿಯಿಂದ ಉಂಡು, ಬೆಂಕಿಯ ಸುತ್ತ ಕುಳಿತೆವು. ನಾವು ಬಿಟ್ಟದ್ದು ಪಾಯಸವೊಂದನ್ನು ಮಾತ್ರ.

ಸಾವಿರಾರು ವಿದ್ಯಾರ್ಥಿಗಳು ದಿನನಿತ್ಯ ಉಣ್ಣುವ ತುಮಕೂರಿನ ಸಿದ್ಧಗಂಗಾ ಮಠದ ಪ್ರಸಂಗವೊಂದನ್ನು ಇಲ್ಲಿ ನೆನೆಯಬೇಕು. 2019ರ ಜನವರಿ 21ರಂದು ಡಾ. ಶಿವಕುಮಾರ ಸ್ವಾಮಿಗಳವರು ಲಿಂಗೈಕ್ಯರಾದಾಗ ಮಕ್ಕಳ ಊಟ ಮುಗಿಯುವವರೆಗೆ ಆ ಸುದ್ದಿಯನ್ನು ಪ್ರಕಟಿಸಲಿಲ್ಲ. ಅದು ಪೂಜ್ಯರದೇ ಇಚ್ಛೆಯೆಂದು ಅಂದು ತಿಳಿಸಲಾಯಿತು. ನಾಡಿಗೆ ನಾಡೇ ಕಾದಿದ್ದ ಸುದ್ದಿಯೂ ಮಕ್ಕಳ ಊಟಕ್ಕಾಗಿ ತಡೆದು ನಿಂತಿತು. ನಮ್ಮ ಹಾಡು, ಆಟ, ಛಾಯಾಚಿತ್ರಗಳು ಅರ್ಧ ಗಂಟೆ ಕಾಯಲಾರವೇ?

ಮಕ್ಕಳೊಡನೆ ಪ್ರವಾಸ ಹೊರಡುವ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ. ಅಡುಗೆಯ ಪಟ್ಟಿಗೆ ಮೊದಲು ಊಟದ ಹೊತ್ತುಗಳನ್ನು ಗೊತ್ತುಮಾಡಿರಿ. ಮೊದಲ ತಟ್ಟೆಗಳನ್ನು ಪುಟ್ಟ ಮಕ್ಕಳಿಗೆ ಇಡಿರಿ. ಅಂದು ಆ ವೈದ್ಯರು ನಮ್ಮನ್ನು ಕೇಳಿದ ಪ್ರಶ್ನೆಗೆ ಯಾವ ಗಳಿಗೆಯಲ್ಲಿಯೂ ಉತ್ತರ ಹೇಳಬಲ್ಲವರೊಬ್ಬರು ನಿಮ್ಮ ಗುಂಪಿನಲ್ಲಿ ಇರಲಿ.