ಆಲಮಟ್ಟಿ: ಮೊದಲು ಋಣ, ಅನಂತರ ನೀರು

ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವುದು ಕನ್ನಡಿಗರ ನ್ಯಾಯವಾದ ಹಕ್ಕೆಂಬುದರಲ್ಲಿ ನಮಗೆ ಎಳ್ಳಷ್ಟೂ ಸಂಶಯವಿಲ್ಲ. ಆದರೆ ಹಕ್ಕಿನ ಗದ್ದಲದಲ್ಲಿ ಕರ್ತವ್ಯದ ಮಾತು ಅಡಗಿಹೋಗಬಾರದು. ಈ ಏರಿಕೆಯು ಕಾಗದದ ಮೇಲೆ ಕೇವಲ ಹದಿನೈದು ಅಡಿಯ ಲೆಕ್ಕ. ಕೃಷ್ಣಾ-ಘಟಪ್ರಭೆಗಳ ದಂಡೆಯ ಒಕ್ಕಲಿಗನಿಗಾದರೋ ಅದು ಅಜ್ಜನು ಉತ್ತ ಹೊಲ, ತಾಯಿ ದೀಪವಿಟ್ಟ ಮನೆ, ಊರ ದೇವರ ಗುಡಿ.

1964ರ ಮೇ 22ರಂದು ಲಾಲಬಹಾದ್ದೂರ ಶಾಸ್ತ್ರಿಯವರು ಈ ಆಣೆಕಟ್ಟಿಗೆ ಅಡಿಗಲ್ಲನ್ನಿಟ್ಟರು. 2006ರ ಆಗಸ್ಟ 21ರಂದು ರಾಷ್ಟ್ರಪತಿ ಅಬ್ದುಲ್ ಕಲಾಮರು ಅದನ್ನು ನಾಡಿಗೆ ಅರ್ಪಿಸಿದರು. ನಡುವೆ ನಾಲ್ವತ್ತೆರಡು ವರ್ಷಗಳು! ಇಂದು ಶಾಸ್ತ್ರಿಯವರ ಹೆಸರಿನ ಈ ಸಾಗರದಲ್ಲಿ 123 ಟಿ.ಎಂ.ಸಿ. ನೀರು ನಿಲ್ಲುತ್ತದೆ, ಅದರ ವಿದ್ಯುದಾಗಾರದ ಸಾಮರ್ಥ್ಯ 290 ಮೆಗಾವಾಟು. ವಿದ್ಯುತ್ತನ್ನು ಕೊಟ್ಟು ಇಳಿದ ನೀರು ನಾರಾಯಣಪುರದ ಕಾಲುವೆಗಳಿಂದ ಸುರಪುರ, ಶಹಾಪುರ, ಲಿಂಗಸುಗೂರುಗಳ ಹೊಲಗಳಿಗೆ ಹರಿಯುತ್ತದೆ. ನಾಡು ಬೆಳಗಿತು, ಬೆಳೆಯಿತು. ಅದಕ್ಕಾಗಿ ಹಳೆಯ ಬಾಗಲಕೋಟೆಯ ಪೇಟೆ ಮುಳುಗಿತು. ಬೀಳಗಿಯ ಸೀಮೆಯ ಕರಿಯ ಎರೆಭೂಮಿ ಮುಳುಗಿತು.

ಮುಂದಿನ ಕಥೆಯನ್ನು ವಾಚಕರು ಬಲ್ಲರು. 2000ದಲ್ಲಿ ಸುಪ್ರೀಮ ಕೋರ್ಟು 519.60 ಮೀಟರಿನವರೆಗೆ ಅನುಮತಿಯನ್ನಿತ್ತಿತು. 2010ರ ಡಿಸೆಂಬರದಲ್ಲಿ ಬ್ರಿಜೇಶಕುಮಾರ ನ್ಯಾಯಾಧಿಕರಣವು 524.256 ಮೀಟರಿಗೆ ಒಪ್ಪಿತು. ಆದರೆ ಆ ತೀರ್ಪನ್ನು ರಾಜಪತ್ರದಲ್ಲಿ ಪ್ರಕಟಿಸಕೂಡದೆಂದು 2011ರಲ್ಲಿ ತಡೆ ಬಂದಿತು. ಕೊನೆಗೆ 2025ರ ಸೆಪ್ಟೆಂಬರದಲ್ಲಿ ರಾಜ್ಯದ ಮಂತ್ರಿಮಂಡಲವು ಹೊಸದಾಗಿ ಮುಳುಗಲಿರುವ 75,563 ಎಕರೆಗೆ ದರವನ್ನು ಗೊತ್ತುಮಾಡಿತು: ನೀರಾವರಿಗೆ ಎಕರೆಗೆ 40 ಲಕ್ಷ, ಒಣಬೇಸಾಯಕ್ಕೆ 30 ಲಕ್ಷ ರೂಪಾಯಿ. ಠರಾವನ್ನು ನಾವು ಸ್ವಾಗತಿಸುತ್ತೇವೆ. ಆದರೆ ಠರಾವು ಹಣವಲ್ಲ.

ತೀರ್ಪಿಗೂ ದರಕ್ಕೂ ನಡುವೆ ಹದಿನೈದು ವರ್ಷಗಳು ಸಂದವು. ಈ ಕಾಲಾವಧಿಯಲ್ಲಿ ಮುಳುಗಡೆಯ ಊರಿನವರು ಹೇಗೆ ಬಾಳಿದರೆಂಬುದನ್ನು ಯಾರಾದರೂ ವಿಚಾರಿಸಿದರೇ? ನಾಳೆ ಮುಳುಗುವ ಮನೆಗೆ ಇಂದು ಹೊಸ ಮಾಳಿಗೆಯನ್ನು ಹಾಕಿಸುವವರಾರು? ಅಂಥ ಹೊಲದಲ್ಲಿ ಬಾವಿ ತೋಡುವವರಾರು, ಅದರ ಮೇಲೆ ಸಾಲ ಕೊಡುವವರಾರು? ನೀರು ಬರುವ ಮೊದಲೇ ಊರು ಅರ್ಧ ಮುಳುಗಿರುತ್ತದೆ.

ಈ ಸೀಮೆಯ ರೈತರು ಜಲಾಶಯದ ವೈರಿಗಳೆಂದು ಯಾರೂ ಹೇಳಲಾರರು. 1989ರಲ್ಲಿ ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ಸರಕಾರದ ದಾರಿ ಕಾಯದೆ, ತಾವೇ ಹಣಗೂಡಿಸಿ, ತಾವೇ ದುಡಿದು ಕೃಷ್ಣೆಗೆ ಬ್ಯಾರೇಜನ್ನು ಕಟ್ಟಿದರು. ಅದಕ್ಕೆ ಶ್ರಮಬಿಂದು ಸಾಗರವೆಂದೇ ಹೆಸರು. ಬೆವರು ಸುರಿಸಿ ನೀರು ನಿಲ್ಲಿಸಿದ ಜನರು ಇಂದು ನ್ಯಾಯವಾದ ಬೆಲೆಯನ್ನೂ ಒಂದು ನಿಶ್ಚಿತ ದಿನವನ್ನೂ ಕೇಳಿದರೆ, ಅದನ್ನು ಅಡ್ಡಿಯೆಂದು ಕರೆಯುವುದು ಕೃತಘ್ನತೆಯೇ ಸರಿ.

ಸಾಂಗಲಿ, ಕೊಲ್ಹಾಪುರಗಳ ಪ್ರವಾಹಕ್ಕೆ ಆಲಮಟ್ಟಿಯೇ ಕಾರಣವೆಂದು ಮಹಾರಾಷ್ಟ್ರದ ಬಂಧುಗಳು ದೂರುತ್ತಾರೆ. 2019ರ ಪ್ರವಾಹವನ್ನು ಪರಾಮರ್ಶಿಸಲು ಅವರದೇ ಸರಕಾರವು ನೇಮಿಸಿದ ವಡ್ನೆರೆ ಸಮಿತಿಯು ಹಾಗೆಂದು ಹೇಳಲಿಲ್ಲ. ಅವರ ದುಃಖವನ್ನು ನಾವು ಹಗುರಾಗಿ ಕಾಣುವುದಿಲ್ಲ; ಅದೇ ವರ್ಷ ಘಟಪ್ರಭೆಯು ಮುಧೋಳ ತಾಲೂಕಿನಲ್ಲಿಯೂ, ಕೃಷ್ಣೆಯು ಜಮಖಂಡಿ, ರಬಕವಿ-ಬನಹಟ್ಟಿಗಳ ದಂಡೆಯಲ್ಲಿಯೂ ಅಂಥದೇ ಹಾವಳಿಯನ್ನು ಮಾಡಿದವು. ನೆರೆಹೊರೆಯವರು ನೀರಿನ ಲೆಕ್ಕವನ್ನು ದಿನದಿನವೂ ಪರಸ್ಪರ ತಿಳಿಸಿಕೊಂಡು ನಡೆದರೆ ಜಗಳಕ್ಕೆ ಆಸ್ಪದವೆಲ್ಲಿ?

ಸರಕಾರಕ್ಕೆ ನಾವು ಹೇಳುವುದು ಮೂರೇ ಮಾತು. ಹಣ ಸಲ್ಲುವ ತಾರೀಖನ್ನು ಊರೂರಿಗೆ ಸಾರಿರಿ. ಗೊತ್ತಾದ ಹಣವನ್ನು ತುಂಡು ಮಾಡದೆ ಒಮ್ಮೆಲೆ ಕೊಡಿರಿ. ಉತಾರದಲ್ಲಿ ಹೆಸರಿಲ್ಲದ ಕೂಲಿಕಾರನನ್ನೂ, ಲಾವಣಿಯಿಂದ ಉಳುವವನನ್ನೂ ಮರೆಯದಿರಿ. ಇವು ನೆರವೇರುವವರೆಗೆ ಒಂದು ಅಂಗುಲ ನೀರೂ ಮೇಲೇರಕೂಡದು. ನಾಡಿಗೆ ಬೆಳಕು ಬೇಕು, ನಿಜ. ಆದರೆ ಆ ಬೆಳಕಿಗಾಗಿ ತನ್ನ ಮನೆಯ ದೀಪವನ್ನು ನಂದಿಸಿಕೊಂಡವನು ಕತ್ತಲೆಯಲ್ಲಿ ಉಳಿಯಬಾರದು.