ಮೀನಿಗಿಂತ ಮೊದಲು ದೋಣಿ

ಅಂಡಮಾನ್ ದ್ವೀಪಗಳಿಗೆ ವಿಹಾರಕ್ಕೆಂದು ಹೋಗುವವರಲ್ಲಿ ಆಳಗಡಲಿನಲ್ಲಿ ಗಾಳ ಹಾಕಿ ಮೀನು ಹಿಡಿಯಬೇಕೆಂದು ಹಂಬಲಿಸುವವರೂ ಉಂಟು. ಈ ದ್ವೀಪಗಳು ಕಡಲಿನಡಿಯ ಪರ್ವತಶ್ರೇಣಿಯೊಂದರ ನೆತ್ತಿಗಳು. ಆದುದರಿಂದ ದಡ ಬಿಟ್ಟು ಬಹುದೂರ ಸಾಗುವ ಮೊದಲೇ ಕಡಲಿನ ತಳವು ಆಳಕ್ಕೆ ಇಳಿದುಹೋಗುತ್ತದೆ. ಟ್ಯೂನ, ಟ್ರೆವ್ಯಾಲಿ, ಸೈಲ್‌ಫಿಶ್ ಮೊದಲಾದ ಬಲಶಾಲಿ ಮೀನುಗಳು ಅಲ್ಲಿ ಸಂಚರಿಸುತ್ತವೆ. ಜನವರಿಯಿಂದ ಏಪ್ರಿಲಿನವರೆಗೆ ಕಡಲು ಬಹುಮಟ್ಟಿಗೆ ಶಾಂತವಾಗಿರುತ್ತದೆ. ನಾವಿಕನ ಸಮೇತ ದೋಣಿಯೊಂದನ್ನು ದಿನಬಾಡಿಗೆಗೆ ಗೊತ್ತುಮಾಡಿಕೊಂಡು ಹೋಗುವುದು ವಾಡಿಕೆ. ಆ ದೋಣಿಯನ್ನು ಆರಿಸುವುದು ಹೇಗೆ ಎಂಬುದೇ ಇಲ್ಲಿ ನಾವು ಎತ್ತಿಕೊಂಡಿರುವ ಪ್ರಶ್ನೆ.

ಹಿಂದೊಮ್ಮೆ ನಾವೂ ಮಿತ್ರರೊಡನೆ ಹೀಗೆ ಹೊರಟಿದ್ದೆವು. ಬಾಡಿಗೆ ಎಷ್ಟು, ದೊಡ್ಡ ಮೀನು ಸಿಕ್ಕುವುದೇ, ಎಷ್ಟು ಹೊತ್ತಿನಲ್ಲಿ ತಲುಪಬಹುದು—ಈ ಮೂರನ್ನು ಬಿಟ್ಟು ನಾಲ್ಕನೆಯ ಪ್ರಶ್ನೆಯನ್ನು ನಾವು ಕೇಳಲಿಲ್ಲ. ಎಂಟು ಜನರಿಗಿಂತ ಹೆಚ್ಚು ಬೇಡವೆಂದು ನಾವಿಕನು ಹೇಳಿದನು. ನಾವೇ ಚೌಕಾಸಿ ಮಾಡಿ ಹತ್ತು ಜನ ಹತ್ತಿದೆವು. ಮಧ್ಯಾಹ್ನದ ವೇಳೆಗೆ ಒಬ್ಬರ ಗಾಳಕ್ಕೆ ಮೀನು ಬಿದ್ದಿತು. ನೋಡುವ ಆತುರದಲ್ಲಿ ಉಳಿದವರೆಲ್ಲ ಒಂದೇ ಮಗ್ಗುಲಿಗೆ ನುಗ್ಗಿದೆವು. ದೋಣಿ ವಾಲಿತು, ಅದರ ಅಂಚು ನೀರನ್ನು ಮುಟ್ಟಿತು. ನಾವಿಕನ ಕೂಗಿಗೆ ಬೆದರಿ ನಾವು ಹಿಂದೆ ಸರಿದ ಮೇಲೆ ಅದು ನಿಧಾನವಾಗಿ ನೆಟ್ಟಗಾಯಿತು. ಮೀನು ತಪ್ಪಿಸಿಕೊಂಡಿತು, ಅದರ ಪುಣ್ಯದೊಂದಿಗೆ ನಮ್ಮ ಪುಣ್ಯವೂ ದೊಡ್ಡದಾಗಿದ್ದಿತು. ತೇಲುವ ವಸ್ತುಗಳ ನಿಯಮವನ್ನು ವರ್ಷವರ್ಷವೂ ತರಗತಿಯಲ್ಲಿ ಬೋಧಿಸುತ್ತ ಬಂದಿದ್ದ ನಾವು, ಆ ನಿಯಮದ ಮೇಲೆಯೇ ಕಾಲಿಟ್ಟು ನಿಂತಾಗ ಅದನ್ನು ಮರೆತಿದ್ದೆವು.

ಆ ನಿಯಮವಾದರೂ ಏನು? ದೋಣಿಯ ತೂಕವೆಲ್ಲ ಗುರುತ್ವಕೇಂದ್ರದಲ್ಲಿ ಕೆಳಮುಖವಾಗಿ ವರ್ತಿಸುತ್ತದೆ. ನೀರು ದೋಣಿಯನ್ನು ಮೇಲಕ್ಕೆ ಒತ್ತುವ ಬಲವು ಮುಳುಗಿದ ಭಾಗದ ಕೇಂದ್ರದ ಮೂಲಕ ಹಾಯುತ್ತದೆ. ದೋಣಿ ವಾಲಿದಾಗ ಮುಳುಗಿದ ಭಾಗದ ಆಕಾರ ಬದಲಾಗಿ ಈ ಎರಡನೆಯ ಕೇಂದ್ರವು ವಾಲಿದ ಕಡೆಗೆ ಸರಿಯುತ್ತದೆ. ಅಲ್ಲಿಂದ ಮೇಲಕ್ಕೆ ಎಳೆದ ಲಂಬರೇಖೆಯು ದೋಣಿಯ ನಡುಗೆರೆಯನ್ನು ಸಂಧಿಸುವ ಬಿಂದುವಿಗೆ ಮೆಟಾಸೆಂಟರ್ ಎಂದು ಹೆಸರು. ಫ್ರಾನ್ಸಿನ ಪಿಯೇರ್ ಬೂಗೆ 1746ರಲ್ಲಿ ಪ್ರಕಟಿಸಿದ ತನ್ನ ನೌಕಾಗ್ರಂಥದಲ್ಲಿ ಈ ಹೆಸರನ್ನು ಬಳಕೆಗೆ ತಂದನು. ಗುರುತ್ವಕೇಂದ್ರವು ಈ ಬಿಂದುವಿನ ಕೆಳಗಿರುವವರೆಗೆ ವಾಲಿದ ದೋಣಿ ನೆಟ್ಟಗಾಗುತ್ತದೆ. ಮೇಲಕ್ಕೇರಿದರೆ ನೆಟ್ಟಗೆ ನಿಲ್ಲಲಾರದು. ಇವೆರಡರ ನಡುವಣ ಅಂತರವೇ ಪ್ರಯಾಣಿಕರ ಆಯುಷ್ಯವೆಂದರೆ ಅತಿಶಯೋಕ್ತಿಯಾಗದು.

ಲೆಕ್ಕ ಹಾಕಿ ನೋಡೋಣ. ಜನರೂ ಸೇರಿ ದೋಣಿಯ ತೂಕ 4000 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ತಲಾ 60 ಕಿಲೋಗ್ರಾಂ ತೂಕದ ಹತ್ತು ಜನ ನಡುವಿನಿಂದ 1 ಮೀಟರ್ ಪಕ್ಕಕ್ಕೆ ಸರಿದರೆ, ಮೇಲೆ ಹೇಳಿದ ಅಂತರವು 0.8 ಮೀಟರ್ ಇದ್ದಾಗ ದೋಣಿ ಸುಮಾರು 11 ಡಿಗ್ರಿ ವಾಲುತ್ತದೆ. ಅಂತರವು 0.4 ಮೀಟರಿಗೆ ಇಳಿದಿದ್ದರೆ ಅದೇ ಜನ, ಅದೇ ನುಗ್ಗಾಟಕ್ಕೆ ಸುಮಾರು 20 ಡಿಗ್ರಿ ವಾಲುತ್ತದೆ. ಅಂತರ ಇಳಿಯುವುದು ಹೇಗೆ? ನಾಲ್ವರು 2 ಮೀಟರ್ ಎತ್ತರದ ಮಾಳಿಗೆಗೆ ಹತ್ತಿದರೆ ಸಾಕು, ಗುರುತ್ವಕೇಂದ್ರವು 12 ಸೆಂಟಿಮೀಟರ್ ಮೇಲಕ್ಕೇರುತ್ತದೆ. ದೋಣಿಯ ತಳದಲ್ಲಿ ನೀರು ನಿಂತು ಅತ್ತಿತ್ತ ಹೊಯ್ದಾಡುತ್ತಿದ್ದರೆ ಅಂತರವು ಮತ್ತಷ್ಟು ತಗ್ಗಿದಂತೆಯೇ ಸರಿ.

ದೋಣಿಯ ಅಗಲವು ಇದಕ್ಕೆ ಪರಿಹಾರ. ಮುಳುಗಿದ ಭಾಗದ ಕೇಂದ್ರದಿಂದ ಮೆಟಾಸೆಂಟರಿನ ಎತ್ತರವು ಅಗಲದ ಘನವನ್ನು ಅನುಸರಿಸುತ್ತದೆ. ಉದ್ದವೂ ತೂಕವೂ ಒಂದೇ ಆಗಿರುವ ಎರಡು ದೋಣಿಗಳಲ್ಲಿ ಒಂದರ ಅಗಲ 2 ಮೀಟರ್, ಇನ್ನೊಂದರದು 3 ಮೀಟರ್ ಆಗಿದ್ದರೆ, ಎರಡನೆಯದರಲ್ಲಿ ಈ ಎತ್ತರವು ಸುಮಾರು 3.4 ಪಟ್ಟು ಹೆಚ್ಚು. ಜೋಡಿ ಒಡಲಿನ ಕಟಮರಾನ್ ದೋಣಿಗಳು ಸುಲಭವಾಗಿ ವಾಲದಿರುವುದು ಈ ಕಾರಣದಿಂದಲೇ. ಆ ಹೆಸರು ಕಟ್ಟಿದ ಮರವೆಂಬ ಅರ್ಥದ ತಮಿಳು ಮಾತಿನಿಂದ ಬಂದುದೆಂಬುದನ್ನು ನಮ್ಮ ವಾಚಕರು ಸುಲಭವಾಗಿ ಊಹಿಸಬಲ್ಲರು.

ಇಷ್ಟನ್ನೆಲ್ಲ ಕಟ್ಟೆಯ ಮೇಲೆ ನಿಂತು ಅಳೆಯುವುದು ಸಾಧ್ಯವೇ ಎಂದು ಕೇಳಬಹುದು. ಕೈಗಡಿಯಾರವೊಂದು ಇದ್ದರೆ ಒಂದಂಶ ಸಾಧ್ಯ. ದೋಣಿಯೂ ಒಂದು ಲೋಲಕದಂತೆಯೇ. ಪಕ್ಕದಿಂದ ಪಕ್ಕಕ್ಕೆ ತೂಗಿ ಮರಳಲು ಅದಕ್ಕೆ ನಿಯತವಾದ ಕಾಲವುಂಟು. ಅಂತರವು ನಾಲ್ಕನೆಯ ಒಂದು ಪಾಲಿಗೆ ಇಳಿದರೆ ಆ ಕಾಲವು ಎರಡರಷ್ಟಾಗುತ್ತದೆ. ಎರಡೂವರೆ ಮೀಟರ್ ಅಗಲದ ದೋಣಿಯೊಂದು ಸುಮಾರು ಎರಡು ಸೆಕೆಂಡಿನಲ್ಲಿ ಚುರುಕಾಗಿ ತೂಗಿದರೆ ಒಳ್ಳೆಯ ಲಕ್ಷಣ. ಜನ ತುಂಬಿದ ಮೇಲೆ ಅದು ನಾಲ್ಕೈದು ಸೆಕೆಂಡು ತೆಗೆದುಕೊಂಡು, ತುದಿಯಲ್ಲಿ ತಡೆದು ನಿಂತು, ಸೋಮಾರಿಯಂತೆ ಮರಳಿದರೆ ಇಳಿದುಬಿಡುವುದೇ ಲೇಸು. ಮೆಲ್ಲನೆ ತೂಗುವ ದೋಣಿ ಹಿತವೆಂದು ತೋರುವುದು ಸಹಜ. ಆದರೆ ತೊಟ್ಟಿಲಿಗೆ ಇರಬೇಕಾದ ಗುಣವು ದೋಣಿಗೆ ಸಲ್ಲದು.

ಸ್ವೀಡನ್ ದೇಶದ ವಾಸಾ ಎಂಬ ಯುದ್ಧನೌಕೆಯ ಕಥೆ ಈ ಸಂದರ್ಭದಲ್ಲಿ ಸ್ಮರಣೀಯ. 1628ರಲ್ಲಿ, ಅದು ಯಾನ ಹೊರಡುವ ಮುನ್ನ, ಮೂವತ್ತು ಜನರನ್ನು ಒಟ್ಟಾಗಿ ಒಂದು ಮಗ್ಗುಲಿನಿಂದ ಇನ್ನೊಂದು ಮಗ್ಗುಲಿಗೆ ಓಡಿಸಿ ಪರೀಕ್ಷಿಸಿದರು. ಮೂರು ಸಲ ಓಡುವಷ್ಟರಲ್ಲಿ ಹಡಗು ಮಗುಚುವಂತೆ ತೋರಿದುದರಿಂದ ಪರೀಕ್ಷೆಯನ್ನೇ ನಿಲ್ಲಿಸಿದರು. ಹಡಗನ್ನು ಬೇಗ ಕಳುಹಿಸಬೇಕೆಂಬುದು ದೊರೆಯ ಆತುರ. ಪರೀಕ್ಷೆಯ ಉತ್ತರವು ಲೆಕ್ಕಕ್ಕೆ ಬರಲಿಲ್ಲ. ಮೊದಲ ಯಾನದಲ್ಲಿ ಸುಮಾರು 1300 ಮೀಟರ್ ಸಾಗುವಷ್ಟರಲ್ಲಿ ಅದು ಮುಳುಗಿತು. ತಿಳಿಯದೆ ಕೆಟ್ಟವರು ಅವರಲ್ಲ, ತಿಳಿದೂ ಕೆಟ್ಟವರು.

ನಮ್ಮ ಕಾಲದಲ್ಲಿಯೂ ಹೀಗಾಗಿದೆ. 2014ರ ಜನವರಿ 26ರಂದು, ಆಗ ಪೋರ್ಟ್ ಬ್ಲೇರ್ ಎಂಬ ಹೆಸರಿದ್ದ ಇಂದಿನ ಶ್ರೀ ವಿಜಯಪುರದ ಬಳಿ, ಮಿತಿಮೀರಿ ಜನರನ್ನು ತುಂಬಿದ್ದ ವಿಹಾರದ ದೋಣಿಯೊಂದು ಮುಳುಗಿ ಇಪ್ಪತ್ತಕ್ಕೂ ಹೆಚ್ಚು ಪ್ರವಾಸಿಗಳು ಪ್ರಾಣ ಕಳೆದುಕೊಂಡರು. ಇಂತಹ ಸುದ್ದಿ ಬಂದಾಗಲೆಲ್ಲ ದೋಣಿಯವರನ್ನು ದೂರುವುದು ರೂಢಿ. ಹೊಣೆಗಾರರು ಹೊಣೆ ಹೊರಲೇಬೇಕು, ನಿಜ. ಆದರೆ ಇನ್ನಿಬ್ಬರು ಹಿಡಿಸುತ್ತಾರೆ ಎಂದು ಒತ್ತಾಯಿಸುವ ಬಾಯಿ ಎಷ್ಟೋ ಸಲ ಪ್ರಯಾಣಿಕನದೇ. ಕಡಲಿನ ಅನುಭವವುಳ್ಳ ನಾವಿಕನಿಗೆ ನಾವೇನು ಹೇಳಿಕೊಡುವುದು ಎಂದು ಕೆಲವರು ಆಕ್ಷೇಪಿಸಬಹುದು. ಹೇಳಿಕೊಡಬೇಕಾದುದೇನೂ ಇಲ್ಲ, ಅವನು ಬೇಡವೆಂದಾಗ ಕೇಳಿದರೆ ಸಾಕು. ನಾವು ಅಂದು ಕೇಳಲಿಲ್ಲ.

ಮಗುಚದ ದೋಣಿಯೂ ಕೆಟ್ಟು ನಿಲ್ಲಬಹುದು. ದಡ ಬಿಟ್ಟು ದೂರ ಸಾಗಿದ ಮೇಲೆ ಮೊಬೈಲ್ ದೂರವಾಣಿ ಮೂಕವಾಗುತ್ತದೆ. ದೋಣಿಗಳ ರೇಡಿಯೊ ತರಂಗವು ಸರಿಸುಮಾರು ನೇರಗೆರೆಯಲ್ಲಿ ಚಲಿಸುವುದರಿಂದ ಭೂಮಿಯ ಡುಬ್ಬ ಅದಕ್ಕೂ ಅಡ್ಡ ಬರುತ್ತದೆ. ದಡದಲ್ಲಿ 100 ಮೀಟರ್, ದೋಣಿಯಲ್ಲಿ 4 ಮೀಟರ್ ಎತ್ತರದ ಆಂಟೆನಾಗಳಿದ್ದರೆ ಸುಮಾರು 50 ಕಿಲೋಮೀಟರಿನವರೆಗೆ ಮಾತು ಮುಟ್ಟೀತು. ಅದರಾಚೆಗೆ ನೆರವಾಗುವುದು 406 ಮೆಗಾಹರ್ಟ್ಸಿನ ಆಪತ್ಸಂಕೇತ ಯಂತ್ರ. ಅದರ ಮೊರೆಯನ್ನು ಉಪಗ್ರಹಗಳು ಆಲಿಸುತ್ತವೆ. ನಮ್ಮ ದೇಶದಲ್ಲಿ ಆ ಸಂಕೇತಗಳನ್ನು ಗ್ರಹಿಸಿ ರಕ್ಷಕರಿಗೆ ತಿಳಿಸುವ ಕೇಂದ್ರವು ನಮ್ಮ ಬೆಂಗಳೂರಿನಲ್ಲಿಯೇ, ಇಸ್ರೋ ಸಂಸ್ಥೆಯ ಆಶ್ರಯದಲ್ಲಿದೆ. ಕಡಲೇ ಇಲ್ಲದ ಊರು ಕಡಲಿನ ಕೂಗಿಗೆ ಕಿವಿಗೊಟ್ಟಿದೆ. ಆದರೆ ಕೂಗುವ ಯಂತ್ರವು ದೋಣಿಯಲ್ಲಿ ಇರಬೇಕಷ್ಟೆ!

ಆದುದರಿಂದ ನಮ್ಮ ಅಭಿಪ್ರಾಯವಿದು. ಪ್ರತಿಯೊಂದು ಬಾಡಿಗೆ ದೋಣಿಯ ಮೇಲೂ ಅದು ಹೊರಬಹುದಾದ ಜನರ ಸಂಖ್ಯೆಯನ್ನು, ಮಾಳಿಗೆಯಿದ್ದರೆ ಅಲ್ಲಿ ಎಷ್ಟು ಮಂದಿ ನಿಲ್ಲಬಹುದೆಂಬುದನ್ನೂ, ಎಲ್ಲರ ಕಣ್ಣಿಗೆ ಬೀಳುವಂತೆ ಬರೆದಿರಬೇಕು. ವಿದ್ಯಾರ್ಥಿಮಿತ್ರರು ಹತ್ತುವ ಮೊದಲು ಆ ಸಂಖ್ಯೆಯನ್ನು ಓದಬೇಕು, ತಲೆಗಳನ್ನು ಎಣಿಸಬೇಕು, ತಲೆಗೊಂದು ಜೀವರಕ್ಷಕ ಜಾಕೆಟ್ಟು ಉಂಟೇ ಎಂದು ನೋಡಿ ತೊಟ್ಟುಕೊಳ್ಳಬೇಕು, ರೇಡಿಯೊ ಎಲ್ಲಿದೆಯೆಂದು ವಿಚಾರಿಸಬೇಕು. ಬಾಡಿಗೆಯ ಚೌಕಾಸಿ ಅನಂತರ. ಜೊತೆಗಾರರು ನಕ್ಕರೆ ನಗಲಿ. ಆರ್ಕಿಮಿಡೀಸನ ತತ್ತ್ವಕ್ಕೆ ಪರೀಕ್ಷೆಯಲ್ಲಿ ಐದು ಅಂಕ ದೊರೆಯುತ್ತದೆ. ಕಡಲಿನಲ್ಲಿ ಅದು ಅಂಕ ಕೊಡುವುದಿಲ್ಲ, ಮನೆಗೆ ಮರಳುವ ದಾರಿಯನ್ನು ಕೊಡುತ್ತದೆ.