ಕಚ್ಚುವ ಕಾಲ್ಮರಿ

ಮೈಮೇಲೆ ಇಳಕಲ್ ಸೀರೆ, ಕಾಲಲ್ಲಿ ಮೂರಿಂಚಿನ ಹೀಲ್ಸು. ಬಾಗಲಕೋಟೆಯ ಮದುವೆಗಳಲ್ಲಿ ಈಗ ಇದೇ ನೋಟ. ಸೀರೆ ಚೆಂದ, ಹೀಲ್ಸೂ ಚೆಂದ, ಇಲ್ಲವೆನ್ನುವುದಿಲ್ಲ. ಆದರೆ ಊಟದ ಹೊತ್ತಿಗೆ ನೋಡಿ, ಅರ್ಧ ಜನ ಅದನ್ನು ಕುರ್ಚಿ ಕೆಳಗೆ ತಳ್ಳಿ ಬರಿಗಾಲಲ್ಲಿ ನಿಂತಿರುತ್ತಾರೆ!

ಕೇಳಿದರೆ, "ಹೊಸಾವು ಅದಾವು, ನಾಕ್ ದಿನ ಕಚ್ಚತಾವು ಬಿಡ್ರಿ" ಅನ್ನುತ್ತಾರೆ. ಈ ಮಾತು ನಮ್ಮ ಹಳೆಯ ಕಾಲ್ಮರಿಗೆ ಸರಿಹೋಗುತ್ತಿತ್ತು. ಕೊಲ್ಹಾಪುರಿ ಚಪ್ಪಲಿ ಬರೀ ಕೊಲ್ಹಾಪುರದ್ದಲ್ಲ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜತೆ ಬೆಳಗಾವಿ, ಧಾರವಾಡ, ವಿಜಯಪುರ ಮತ್ತು ನಮ್ಮ ಬಾಗಲಕೋಟೆಯೂ ಸೇರಿದವು. ಅದೂ ಕಚ್ಚುತ್ತದೆ, ಹೊಸದಿದ್ದಾಗ ಜೋರಾಗಿಯೇ ಕಚ್ಚುತ್ತದೆ. ಗಿಡದ ತೊಗಟೆ, ಕಾಯಿಗಳಲ್ಲಿ ಹದ ಮಾಡಿದ ಬಿರುಸು ತೊಗಲು ನೋಡಿ. ಎಣ್ಣೆ ಹಚ್ಚಿ ದಿನಕ್ಕಿಷ್ಟು ಹೊತ್ತು ಮೆಟ್ಟಿದರೆ ಮೆತ್ತಗಾಗಿ ನಿಮ್ಮ ಪಾದದ ಅಚ್ಚನ್ನೇ ಹಿಡಿಯುತ್ತದೆ. ಅಲ್ಲಿ ಸೋಲುವುದು ಚಪ್ಪಲಿ.

ಚೂಪು ಮೂತಿಯ ಹೀಲ್ಸಿನಲ್ಲಿ ಸೋಲುವುದು ಕಾಲು. ಹಿಮ್ಮಡಿ ಮೇಲೆದ್ದಷ್ಟೂ ಮೈಭಾರ ಮುಂಗಾಲಿಗೆ ಜಾರುತ್ತದೆ. ಇಕ್ಕಟ್ಟಿನಲ್ಲಿ ಹೆಬ್ಬೆರಳು ಪಕ್ಕದ ಬೆರಳಿನ ಕಡೆ ವಾಲಿ, ಅದರ ಬುಡದ ಗೆಣ್ಣು ಹೊರಗೆ ಉಬ್ಬುತ್ತದೆ. ಡಾಕ್ಟರು ಬನಿಯನ್ ಅನ್ನುವುದು ಇದನ್ನೇ (ಅಂಗಿಯೊಳಗಿನದಲ್ಲ!). ವಂಶದಿಂದ ಬರುವುದೂ ಉಂಟು, ಇಂಥ ಶೂ ಅದನ್ನು ಬೆಳೆಸುತ್ತದೆ. ಶೂ ಬದಲಿಸಿದರೆ ನೋವು ಇಳಿದೀತು, ವಾಲಿದ ಎಲುಬು ತಾನಾಗಿ ನೆಟ್ಟಗಾಗುವುದಿಲ್ಲ. ವರ್ಷಗಟ್ಟಲೆ ದಿನವೂ ಹೀಲ್ಸು ಹಾಕಿದರೆ ಮೀನಖಂಡವೂ ಬಿಗಿದು, ಕಡೆಗೆ ಬರಿಗಾಲಲ್ಲಿ ನಡೆದರೇ ನೋವು.

ಮದುವೆಯ ಎರಡು ತಾಸು ಹಾಕಿಕೊಳ್ಳಲಿ, ನನ್ನ ತಕರಾರಿಲ್ಲ. ಬಾದಾಮಿಯ ಗುಹೆಗಳ ಮೆಟ್ಟಿಲನ್ನು ಹೀಲ್ಸು ಕೈಯಲ್ಲಿ ಹಿಡಿದು ಹತ್ತುವವರಿಗೂ ಬಿಚ್ಚುವ ಸ್ವಾತಂತ್ರ್ಯವಾದರೂ ಇದೆ. ಹುನಗುಂದದಿಂದ ಬಸ್ಸಿನಲ್ಲಿ ನಿಂತುಕೊಂಡೇ ಬಂದು, ದಿನವಿಡೀ ಅಂಗಡಿಯ ಕೌಂಟರ್ ಹಿಂದೆ ನಿಲ್ಲುವ ಹುಡುಗಿಗೆ "ಟಿಪ್‌ಟಾಪ್ ಆಗಿ ಬಾ" ಅಂದರೆ ಅದು ಅವಳ ಫ್ಯಾಶನ್ ಹೇಗಾಗುತ್ತದೆ? ಧಣಿಗಳೇ, ಒಂದು ಸ್ಟೂಲ್ ಆದರೂ ಇಡಿ.

2025ರ ಜೂನಿನಲ್ಲಿ ಪ್ರಾಡಾ ಕಂಪನಿ ಮಿಲಾನಿನ ಫ್ಯಾಶನ್ ಶೋದಲ್ಲಿ ಕೊಲ್ಹಾಪುರಿಯಂಥದೇ ಚಪ್ಪಲಿ ತೋರಿಸಿದಾಗ ನಾವೆಲ್ಲ ಸಿಟ್ಟಾದೆವು. ಸಿಟ್ಟು ಸರಿಯೇ. ಹಾಗೆ ಸಿಟ್ಟಾದವರಲ್ಲಿ ಎಷ್ಟು ಜನ ಕಾಲಿನ ಅಳತೆ ಕೊಟ್ಟು ಒಂದು ಜೋಡಿ ಮಾಡಿಸಿದ್ದೇವೆ, ಹೇಳಿ?

ಸಕ್ಕರೆ ಕಾಯಿಲೆಯವರ ಮಾತು ಮಾತ್ರ ಬೇರೆ. ಕಾಲಿನ ನರ ಜಡವಾದವರಿಗೆ ಕಚ್ಚಿದ್ದು ತಿಳಿಯುವುದೇ ಇಲ್ಲ. ಸಣ್ಣ ಗುಳ್ಳೆ ಹುಣ್ಣಾಗಿ ಬೆರಳು ತೆಗೆಸುವವರೆಗೂ ಹೋಗಬಹುದು. ಅಂಥವರಿಗೆ ಹೀಲ್ಸೂ ಬೇಡ, ಹೊಸ ಕೊಲ್ಹಾಪುರಿಯೂ ಬೇಡ. ಸಂಜೆ, ಕಾಲು ತುಸು ಊದಿರುವ ಹೊತ್ತಿಗೆ ಅಂಗಡಿಗೆ ಕರೆದೊಯ್ದು, ಎರಡೂ ಕಾಲಿಗೆ ಹಾಕಿಸಿ, ನಿಲ್ಲಿಸಿ ನೋಡಿ ಕೊಡಿಸಿ. ರಾತ್ರಿ ಮಲಗುವ ಮುಂಚೆ ಅವರ ಅಂಗಾಲನ್ನು ಮನೆಯವರು ಯಾರಾದರೂ ಒಮ್ಮೆ ನೋಡಿರಿ.